ಪೇಂಟ್ ಒಡೆಯದಂತೆ ಫೆಂಡರ್ ಅಂಚು ಮಡಿಸುವುದು: ತುಮಕೂರಿನ ಅಂತರಸನಹಳ್ಳಿ ಶೆಡ್ಡಿನಿಂದ

ತಂಗಿ ಮಗ ಗುಬ್ಬಿಯಿಂದ ಸ್ವಿಫ್ಟ್ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಹೊಸ ಅಲಾಯ್ ವೀಲ್ ಹಾಕಿಸಿಕೊಂಡ ಹುಡುಗನ ಮುಖ ಅರಳಿರಬೇಕಿತ್ತು, ಇವನದು ಬಾಡಿತ್ತು. "ಮಾವ, ದೇವರಾಯನದುರ್ಗ ಹತ್ತುವಾಗ ಒಂದೊಂದು ತಿರುವಿಗೂ ಗರ್ ಅನ್ನುತ್ತೆ. ನಾಲ್ಕು ಜನ ಕೂತು ಗುಂಡಿ ಇಳಿದರಂತೂ ರಬ್ಬರ್ ಸುಟ್ಟ ವಾಸನೆ" ಅಂದ.

ಬಗ್ಗಿ ಕೈ ಹಾಕಿದೆ. ಹಿಂದಿನ ಎಡ ಟೈರಿನ ಹೊರಭುಜದ ಮೇಲೆ ಸುತ್ತಲೂ ಬ್ಲೇಡಿನಲ್ಲಿ ಗೀರಿದ ಹಾಗೆ ಒಂದು ಗೆರೆ. ಫೆಂಡರಿನ ತಗಡು ಕೆಳಗಡೆ ಒಳಕ್ಕೆ ತಿರುಗಿ ನಿಲ್ಲುತ್ತಲ್ಲ, ಬೆರಳಗಲದ ತುಟಿ, ಅದರ ತುದಿಯಲ್ಲಿ ಪೇಂಟ್ ಸವೆದು ತಗಡು ಬೆಳ್ಳಗೆ ಹೊಳೆಯುತ್ತಿತ್ತು. ನಮ್ಮ ಕಡೆ ಇದಕ್ಕೆ ಈಗಲೂ ಮಡ್‌ಗಾರ್ಡ್ ಅಂತಲೇ ಅನ್ನೋದು. ಆ ತುಟಿಯನ್ನು ಮೇಲಕ್ಕೆ ಮಡಚಿ ಒಳಮೈಗೆ ಒರಗಿಸಿಬಿಟ್ಟರೆ ಟೈರಿಗೆ ಜಾಗ ಸಿಗುತ್ತೆ. ಕೆಲಸ ಇಷ್ಟೇ. ಹೊರಗಿನ ಪೇಂಟ್ ಬಿರುಕು ಬಿಡದ ಹಾಗೆ ಮಡಿಸೋದರಲ್ಲಿ ಮಾತ್ರ ನನ್ನ ಇಪ್ಪತ್ತಾರು ವರ್ಷದ ಟಿಂಕರಿಂಗ್ ಕೆಲಸದ ಅರ್ಧ ಬುದ್ಧಿ ಖರ್ಚಾಗಿದೆ. ಅವನ ಕಾರಿಗೆ ಏನೇನು ಮಾಡಿದೆ, ಯಾಕೆ ಮಾಡಿದೆ ಅಂತ ಬರೀತೀನಿ.

ಮೊದಲು ಮಡಿಸಲೇಬೇಕಾ ಅನ್ನೋದನ್ನ ನೋಡಬೇಕು. ನನ್ನ ಹತ್ತಿರ "ಅಂಚು ಮಡಿಸಿಕೊಡಿ" ಅಂತ ಬರೋ ಗಾಡಿಗಳಲ್ಲಿ ಎಷ್ಟೋ ಗಾಡಿಗೆ ಮಡಿಸೋ ಕೆಲಸವೇ ಇರಲ್ಲ. ಮುಂದಿನ ಚಕ್ರ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಉಜ್ಜಿದರೆ ಬಹಳ ಸಲ ಅದು ತಗಡಿಗೆ ತಾಗಿರಲ್ಲ. ಒಳಗಿನ ಪ್ಲಾಸ್ಟಿಕ್ ಲೈನರಿಗೋ, ಬಂಪರಿನ ಮೂಲೆಗೋ ತಾಗಿರುತ್ತೆ. ಲೈನರ್ ಕ್ಲಿಪ್ಪು ಕಿತ್ತು ಹೋಗಿ ಜೋತು ಬಿದ್ದಿದ್ದರೆ ಹೊಸ ಕ್ಲಿಪ್ಪು ಹಾಕಿ ಮನೆಗೆ ಕಳಿಸ್ತೀನಿ. ಇನ್ನು ಕೆಲವು ಸಲ ಅಂಚಿಗೆ ಲೈನರ್ ಹಿಡಿದಿರುವ ಸ್ಕ್ರೂ ತಲೆ ಇರುತ್ತೆ ನೋಡಿ, ಟೈರನ್ನ ಕೊಯ್ಯೋದು ಅದು. ತಗಡಿನ ತಪ್ಪೇನೂ ಇರಲ್ಲ.

ಎಲ್ಲಿ ತಾಗುತ್ತೆ ಅಂತ ಕಂಡುಹಿಡಿಯೋಕೆ ನನಗೆ ಬೇಕಾಗೋದು ಸೀಮೆಸುಣ್ಣ. ಅಂಚಿನ ಉದ್ದಕ್ಕೂ, ಟೈರಿನ ಭುಜಕ್ಕೂ ದಪ್ಪಗೆ ಬಳಿಯಿರಿ. ಹಿಂದಿನ ಸೀಟಿನಲ್ಲಿ ಮೂರು ಜನ ಕೂರಿಸಿ. ಜನ ಸಿಗದಿದ್ದರೆ ಸಿಮೆಂಟ್ ಮೂಟೆ, ತೆಂಗಿನಕಾಯಿ ಮೂಟೆ, ಏನಾದರೂ ಸರಿ. ಹಂಪ್ ಇರೋ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಸುಣ್ಣ ಎಲ್ಲಿ ಅಳಿಸಿದೆಯೋ ಅದೇ ಜಾಗ. ಇವನ ಗಾಡಿಯಲ್ಲಿ ಮುಂದಿನ ಎರಡೂ ಕಡೆ ಸುಣ್ಣ ಹಾಗೇ ಇತ್ತು. ಹಿಂದೆ ಎರಡೂ ಕಡೆ ಚಕ್ರದ ಮೇಲೆ ಬರೋ ತಗಡಿನ ಕಮಾನಿನ ನೆತ್ತಿಯ ಸುಮಾರು ಒಂದು ಗೇಣು ಉದ್ದಕ್ಕೆ ಅಳಿಸಿತ್ತು. ಅಂದರೆ ನಾಲ್ಕು ಕಡೆ ಕೆಲಸ ಎರಡು ಕಡೆಗೆ ಇಳಿಯಿತು.

ಯಾಕೆ ತಾಗುತ್ತೆ ಅನ್ನೋ ಲೆಕ್ಕ ಹುಡುಗರು ಅಲಾಯ್ ಕೊಳ್ಳೋ ಮುಂಚೆ ಹಾಕಬೇಕು, ಹಾಕಲ್ಲ. ಇವನ ಹಳೇ ಟೈರು 185/70 R14. ಹೊಸದು 195/60 R15. ಮೊದಲನೇದು ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೇದು ಪಕ್ಕದ ಗೋಡೆ ಅಗಲದ ಶೇಕಡಾ ಎಷ್ಟು ಅಂತ, ಕೊನೇದು ರಿಮ್ಮಿನ ಇಂಚು. ಎತ್ತರ ಲೆಕ್ಕ ಹಾಕಿದರೆ ಹಳೇದು 614.6 ಮಿ.ಮೀ., ಹೊಸದು 615. ಹೆಚ್ಚುಕಮ್ಮಿ ಒಂದೇ. ಹಾಗಾಗಿ "ಟೈರು ದೊಡ್ಡದಾಯ್ತು" ಅನ್ನೋದು ಸುಳ್ಳು. ಅದು ಬೆಳೆದಿದ್ದು ಹೊರಕ್ಕೆ. ವೀಲು ಒಂದು ಇಂಚು ಅಗಲವಾದರೆ ಅರ್ಧ ಒಳಗೆ, ಅರ್ಧ ಹೊರಗೆ ಹೋಗುತ್ತೆ, ಅಂದರೆ ಹೊರಗಡೆಗೆ 12.7 ಮಿ.ಮೀ. ಅದರ ಜೊತೆ ಆಫ್‌ಸೆಟ್, ಅಂದರೆ ವೀಲಿನ ಅಗಲದ ನಟ್ಟನಡುವಿಂದ ಅದು ಗಾಡಿಗೆ ಕೂರೋ ಮೈಗೆ ಇರೋ ದೂರ, 45 ಮಿ.ಮೀ. ಇದ್ದಿದ್ದು 35 ಆದರೆ ಇಡೀ ವೀಲು ಇನ್ನೂ 10 ಮಿ.ಮೀ. ಹೊರಕ್ಕೆ. ಎರಡೂ ಸೇರಿದರೆ 22.7 ಮಿ.ಮೀ., ಹೆಬ್ಬೆರಳ ಅಗಲ. ಆಫ್‌ಸೆಟ್ ಸಂಖ್ಯೆ ವೀಲಿನ ಒಳಮೈಯಲ್ಲಿ ಇಟಿ ಅಂತ ಅಚ್ಚಾಗಿರುತ್ತೆ, ಅಂಗಡಿಯಲ್ಲೇ ತಿರುಗಿಸಿ ನೋಡಿ. ಅದು ಜಾಸ್ತಿ ಇರೋ ವೀಲು ಸಿಕ್ಕರೆ ನನ್ನ ಶೆಡ್ಡಿಗೆ ಬರೋ ಅಗತ್ಯವೇ ಇಲ್ಲ.

ಅಂಚು ಮಡಿಸಿದರೆ ಸಿಗೋ ಜಾಗ ಹತ್ತು ಮಿಲಿಮೀಟರ್ ಆಜುಬಾಜು, ತುಟಿ ಎಷ್ಟು ಅಗಲ ಇದೆಯೋ ಅಷ್ಟೇ. ಅದಕ್ಕಿಂತ ಹೆಚ್ಚು ಬೇಕು ಅಂದರೆ ತಗಡನ್ನೇ ಹೊರಕ್ಕೆ ಎಳೀಬೇಕು, ಆಗ ಪೇಂಟ್ ಉಳಿಯುತ್ತೆ ಅಂತ ನಾನು ಬಾಯಿಬಿಟ್ಟು ಹೇಳಲ್ಲ. ಟೈರು ಬಾಡಿಯಿಂದ ಹೊರಗೆ ಇಣುಕೋ ಹಾಗೆ ಮಾಡಿಕೊಡಿ ಅಂದರಂತೂ ಕೈ ಮುಗೀತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಂತ ಒಂದಿದೆ, ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತೆ. ಅದು ಬಿಡಿ, ಮಳೆಗಾಲದಲ್ಲಿ ಹಿಂದೆ ಬರೋ ಬೈಕಿನವನ ಮುಖಕ್ಕೆ ಕೆಸರು ಹಾರಿಸಿಕೊಂಡು ಹೋಗೋದು ಯಾವ ಶೋಕಿ?

ಇನ್ನು ಪೇಂಟಿನ ಜಾತಕ ನೋಡಬೇಕು. ಕಂಪನಿಯಲ್ಲಿ ಹೊಡೆದ ಪೇಂಟ್ ತೆಳ್ಳಗಿರುತ್ತೆ, ಒಲೆಯಲ್ಲಿ ಬೆಂದಿರುತ್ತೆ, ತಗಡನ್ನ ಗಟ್ಟಿಯಾಗಿ ಹಿಡಿದಿರುತ್ತೆ. ಬಿಸಿ ಮಾಡಿದರೆ ತಗಡಿನ ಜೊತೆ ಬಾಗುತ್ತೆ. ಹೊರಗಡೆ ರೀಪೇಂಟ್ ಮಾಡಿಸಿದ್ದರೆ, ಅದರಲ್ಲೂ ಒಳಗೆ ಪುಟ್ಟಿ ತುಂಬಿದ್ದರೆ, ಎಷ್ಟು ಬಿಸಿ ಮಾಡಿದರೂ ಪುಟ್ಟಿ ಬಾಗಲ್ಲ, ಬಿಸ್ಕತ್ತಿನ ಥರ ಮುರಿಯುತ್ತೆ. ಫ್ರಿಜ್ ಬಾಗಿಲಿಗೆ ಅಂಟಿಸೋ ಆಯಸ್ಕಾಂತವನ್ನ ತೆಳು ಬಟ್ಟೆಯಲ್ಲಿ ಸುತ್ತಿ ಕಮಾನಿನ ಸುತ್ತ ಆಡಿಸಿ. ಎಲ್ಲ ಕಡೆ ಹಿಡಿದು ಒಂದು ಕಡೆ ಜಾರಿದರೆ ಅಲ್ಲಿ ಪುಟ್ಟಿ ಇದೆ. ಆ ಗಾಡಿಗೆ ಪೇಂಟ್ ಉಳಿಸಿಕೊಡ್ತೀನಿ ಅಂತ ಮಾತು ಕೊಡಬೇಡಿ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರಿಗೆ ಅವರ ಗಾಡಿ ಹಿಂದೆ ಒಂದು ಸಲ ಗುದ್ದಿಸಿಕೊಂಡಿತ್ತು ಅನ್ನೋ ಸುದ್ದಿ ನನ್ನ ಆಯಸ್ಕಾಂತದಿಂದಲೇ ಗೊತ್ತಾಗಿದ್ದೂ ಉಂಟು, ಪಾಪ.

ಮುಂದಿನ ಫೆಂಡರ್ ಒಂಟಿ ತಗಡು, ಬೋಲ್ಟಿನಲ್ಲಿ ಕೂತಿರುತ್ತೆ, ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಹಿಂದಿನದು ಹಾಗಲ್ಲ. ಅದು ಬಾಡಿಯ ಜೊತೆ ವೆಲ್ಡ್ ಆದ ಭಾಗ. ಹೊರಗಿನ ತಗಡು ಒಂದು, ಒಳಗೆ ಚಕ್ರದ ಗೂಡಿನ ತಗಡು ಇನ್ನೊಂದು, ಎರಡೂ ಅಂಚಿನಲ್ಲಿ ಸೇರಿ ಸ್ಪಾಟ್ ವೆಲ್ಡ್ ಆಗಿ, ಸಂದಿಗೆ ಸೀಲರ್ ತುಂಬಿರುತ್ತೆ. ಅದಕ್ಕೇ ಹೊಸಬರು ಹಿಂದಿನದಕ್ಕೆ ಮೊದಲು ಕೈ ಹಾಕಬಾರದು. ಗುಜರಿಯಲ್ಲಿ ಪೇಂಟ್ ಇರೋ ಹಳೇ ಫೆಂಡರ್ ಒಂದು ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ.

ಸಾಮಾನು ಅಂದರೆ, ಹಬ್ಬಿಗೆ (ಚಕ್ರವನ್ನ ನಟ್ಟು ಹಾಕಿ ಕೂರಿಸೋ ನಡುವಿನ ಭಾಗ) ಕೂರೋ ಫೆಂಡರ್ ರೋಲರ್. ಒಂದು ತಟ್ಟೆ, ಅದನ್ನ ವೀಲ್ ನಟ್ಟಿನಲ್ಲೇ ಹಬ್ಬಿಗೆ ಬಿಗೀಬೇಕು. ಅದರಿಂದ ಹೊರಟ ಉದ್ದ ಹೆಚ್ಚುಕಮ್ಮಿ ಮಾಡಬಹುದಾದ ಒಂದು ತೋಳು, ತೋಳಿನ ತುದಿಯಲ್ಲಿ ನೈಲಾನ್ ಉರುಳೆ. ತಟ್ಟೆಯಲ್ಲಿ ನಾನಾ ಅಳತೆಯ ತೂತು ಇರುತ್ತೆ, ಈ ಸ್ವಿಫ್ಟಿಗೆ 100 ಮಿ.ಮೀ. ಅಡ್ಡಳತೆಯ ವೃತ್ತದಲ್ಲಿರೋ 4 ತೂತು ಸರಿಹೋಯ್ತು. ಜೊತೆಗೆ ಹೀಟ್ ಗನ್, ಬಿಸಿ ಅಳೆಯೋ ಇನ್‌ಫ್ರಾರೆಡ್ ಗನ್, ಜಾಕ್, ಸ್ಟ್ಯಾಂಡ್, ಒಳ್ಳೇ ಬೆಳಕು. ಬಿಸಿ ಅಳೆಯೋದು ಅಂದಿದ್ದಕ್ಕೆ ಅಳಿಮಯ್ಯ ಓಡಿಹೋಗಿ ಕೊರೊನಾ ಕಾಲದಲ್ಲಿ ಅವರಪ್ಪನ ಅಂಗಡಿ ಬಾಗಿಲಲ್ಲಿ ಗಿರಾಕಿಗಳ ಹಣೆಗೆ ಹಿಡೀತಿದ್ದ ಗನ್ನು ತಂದ. ಅದು ಜ್ವರಕ್ಕೆ ಮಾಡಿದ್ದು, ನಲವತ್ತಮೂರು ಡಿಗ್ರಿ ಆಸುಪಾಸಿಗೇ ಕೈಚೆಲ್ಲುತ್ತೆ. ಪೇಂಟ್ ಒಡೆಯದೆ ಬಾಗೋಕೆ ನಮಗೆ ಬೇಕಾಗಿರೋದು ಅರವತ್ತು.

ಈ ಅರವತ್ತರ ಬೆಲೆ ನಾನು ದುಡ್ಡು ಕೊಟ್ಟು ಕಲಿತಿದ್ದು. ಶೆಡ್ಡು ಹಾಕಿದ ಹೊಸದರಲ್ಲಿ ರೋಲರ್ ಗೀಲರ್ ನಮ್ಮ ಹತ್ತಿರ ಇರಲಿಲ್ಲ. ಗುದ್ದಲಿ ಕಾವನ್ನ ಟೈರಿಗೂ ಅಂಚಿಗೂ ಮಧ್ಯೆ ತೂರಿಸಿ, ಗಾಡಿಯನ್ನ ನಿಧಾನವಾಗಿ ಹಿಂದೆ ಮುಂದೆ ತಳ್ಳಿಸೋದು. ಕಾವು ಉರುಳ್ತಾ ಅಂಚನ್ನ ಒತ್ತುತ್ತೆ. ಉಸ್ತಾದ್ ಹೇಳಿಕೊಟ್ಟಿದ್ದು ಅದನ್ನೇ, ಅವರ ಕೈಯಲ್ಲಿ ಚೆನ್ನಾಗೇ ಬರ್ತಿತ್ತು. ಸಂಕ್ರಾಂತಿ ಹಿಂದಿನ ವಾರ ಮಧುಗಿರಿ ಕಡೆಯ ಮೇಷ್ಟ್ರೊಬ್ಬರು ಬೆಳಿಗ್ಗೆ ಏಳಕ್ಕೇ ಬಂದು, ಹತ್ತಕ್ಕೆ ಸ್ಕೂಲಿಗೆ ಹೋಗಬೇಕು ಅಂದರು. ಚಳಿ. ತಗಡು ಮುಟ್ಟಿದರೆ ಬೆರಳು ಜುಂ ಅಂತಿತ್ತು. ಅವಸರದಲ್ಲಿ ಬಿಸಿ ಮಾಡದೇ ಗುದ್ದಲಿ ಕಾವು ತೂರಿಸಿದೆ. ಎರಡನೇ ಸಲ ತಳ್ಳಿದಾಗ ಚಿಟ್ ಅಂತ ಸಣ್ಣ ಸದ್ದು. ಒರೆಸಿ ನೋಡಿದರೆ ಕಮಾನಿನ ಮೇಲೆ ಬತ್ತಿದ ಕೆರೆ ಅಂಗಳದ ಥರ ಕೂದಲೆಳೆ ಬಿರುಕು. ಜೊತೆಗೆ ತಗಡು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿತ್ತು. ಪೂರ್ತಿ ಪ್ಯಾನಲ್ ನನ್ನ ಖರ್ಚಲ್ಲೇ ಪೇಂಟ್ ಹೊಡೆದುಕೊಟ್ಟೆ. ಮೇಷ್ಟ್ರು ಬೈಯಲಿಲ್ಲ, ಅದೇ ಕಷ್ಟ ಆಯ್ತು.

ಈಗ ಕೆಲಸಕ್ಕೆ ಬರೋಣ. ಸಮಮಟ್ಟದ ನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಹಿಂದೆಮುಂದೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕಮಾನಿನೊಳಗೆ ತಲೆ ಹಾಕಬೇಡಿ. ಚಕ್ರ, ಲೈನರ್, ಅಂಚಿಗೆ ಬರೋ ಸ್ಕ್ರೂ, ಕ್ಲಿಪ್ಪು ಎಲ್ಲ ಬಿಚ್ಚಿ. ಆಮೇಲೆ ಅಂಚಿನ ಹಿಂದೆ ಸೇರಿರೋ ಮಣ್ಣನ್ನ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಕೆರೆದು, ನೀರಲ್ಲಿ ತೊಳೆದು, ಒಣಗಿಸಿ. ಒಂದು ಹರಳು ಮರಳು ಉರುಳೆ ಕೆಳಗೆ ಸಿಕ್ಕಿದರೂ ಸಾಕು, ಉದ್ದಕ್ಕೂ ಗೀರು. ಬ್ರೇಕ್ ಹೋಸು, ಸೆನ್ಸರ್ ವೈರು ಇದ್ದರೆ ಪಕ್ಕಕ್ಕೆ ಕಟ್ಟಿ. ಪೆಟ್ರೋಲ್ ಮುಚ್ಚಳ ಇರೋ ಕಡೆ ಅದರ ಪೈಪು ಇದೇ ಗೂಡಿನೊಳಗೆ ಇಳಿದು ಹೋಗುತ್ತೆ, ಹೀಟ್ ಗನ್ನಿನ ಮೂತಿ ಯಾವತ್ತೂ ಆ ಕಡೆಗೆ ತಿರುಗಬಾರದು. ಆ ಬದಿ ಕೆಲಸ ಮಾಡುವಾಗ ನಾನು ಪೈಪಿಗೆ ಒದ್ದೆ ಗೋಣಿ ಸುತ್ತಿ, ಪಕ್ಕದಲ್ಲಿ ಒಬ್ಬರನ್ನ ನಿಲ್ಲಿಸಿಕೊಳ್ತೀನಿ. ವಾಸನೆ ಬಂದರೆ ಕೆಲಸ ಶುರುವೇ ಮಾಡಲ್ಲ.

ಚಕ್ರ ಬಿಚ್ಚಿದ ಮೇಲೆ ಹಬ್ಬು ಕೆಳಗೆ ಜೋತು ಬೀಳುತ್ತೆ. ಹಾಗೇ ರೋಲರ್ ಕೂರಿಸಿದರೆ ತೋಳು ಉದ್ದವಾಗಿ ಉರುಳೆಯ ಕೋನ ತಪ್ಪುತ್ತೆ. ಇನ್ನೊಂದು ಜಾಕನ್ನ ಕೆಳಗಡೆ ಕೊಟ್ಟು, ಗಾಡಿ ನೆಲದ ಮೇಲೆ ನಿಂತಾಗ ಹಬ್ಬು ಎಷ್ಟು ಎತ್ತರದಲ್ಲಿರುತ್ತೋ ಅಷ್ಟಕ್ಕೆ ಎತ್ತಿ. ಮುಂಚೆಯೇ ಹಬ್ಬಿನ ನಡುವಿಂದ ಕಮಾನಿನ ನೆತ್ತಿಗೆ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಂಡಿದ್ದರೆ ಸುಲಭ. ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಬಿಸಿ. ಹೀಟ್ ಗನ್ನನ್ನ ಒಂದು ಗೇಣು ದೂರ ಹಿಡಿದು, ಕೈ ನಿಲ್ಲಿಸದೆ ಅಂಚಿನ ಉದ್ದಕ್ಕೂ ಆಡಿಸಿ, ದೋಸೆ ಹೆಂಚಿಗೆ ಎಣ್ಣೆ ಸವರಿದ ಹಾಗೆ. ಮೂತಿಯಿಂದ ಬರೋ ಗಾಳಿ ಮುನ್ನೂರು ಡಿಗ್ರಿ ದಾಟಿರುತ್ತೆ, ಒಂದೇ ಕಡೆ ನಿಂತರೆ ಪೇಂಟ್ ಗುಳ್ಳೆ ಏಳುತ್ತೆ. ಒಳಗಿಂದಲೂ ಕೊಡಿ, ಹೊರಗಿಂದಲೂ ಕೊಡಿ, ಯಾಕೆಂದರೆ ಬಾಗೋದು ಹೊರಗಿನ ಮೂಲೆ, ಒಡೆಯೋದೂ ಅದೇ. 55ರಿಂದ 65 ಡಿಗ್ರಿ ಒಳಗೆ ಇಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ಟು ಕೂಡ ಅಷ್ಟಕ್ಕೆ ಹತ್ತಿರ ಬರುತ್ತೆ, ಹಾಗಾಗಿ ಕಂಪನಿ ಪೇಂಟಿಗೆ ಇದರಿಂದ ಏನೂ ಆಗಲ್ಲ. ಅಳೆಯೋ ಗನ್ ಇಲ್ಲದವರಿಗೆ ಉಸ್ತಾದ್ ಹೇಳ್ತಿದ್ದ ಲೆಕ್ಕ: ಅಂಗೈ ಹಿಂಭಾಗ ಇಟ್ಟರೆ ಎರಡು ಎಣಿಸೋದರೊಳಗೆ ತಾನೇ ಎದ್ದು ಬರಬೇಕು. ಬಂಪರ್ ಪ್ಲಾಸ್ಟಿಕ್ಕು, ಅದರ ಹತ್ತಿರ ಹುಷಾರು, ಅದು ತಗಡಿಗಿಂತ ಬೇಗ ಮೆತ್ತಗಾಗುತ್ತೆ. ಕಮಾನು ಬಂಪರಿಗೆ ಸೇರೋ ಕಡೆ ಬಂಪರಿನ ಸ್ಕ್ರೂ ಬಿಚ್ಚಿ ಸ್ವಲ್ಪ ಸರಿಸಿಕೊಳ್ಳಿ.

ಮೊದಲ ಸುತ್ತಿಗೆ ಉರುಳೆ ಅಂಚನ್ನ ಮುಟ್ಟಿಯೂ ಮುಟ್ಟದ ಹಾಗಿರಬೇಕು. ತೋಳನ್ನ ಗಡಿಯಾರದ ಹತ್ತು ಗಂಟೆಯಿಂದ ಎರಡು ಗಂಟೆವರೆಗೆ ಆಡಿಸಿ, ವಾಪಸ್ ತನ್ನಿ. ಟೈರು ಮೇಲೆದ್ದಾಗ ತಾಗೋದು ಅಲ್ಲೇ. ಆದರೆ ಎರಡು ತುದಿಯಲ್ಲೂ ಒತ್ತಡ ಸಣ್ಣಗೆ ಮಾಡ್ತಾ ಬಿಡಬೇಕು, ಇಲ್ಲದಿದ್ದರೆ ಮಡಿಸಿದ ಕಡೆಗೂ ಮಡಿಸದ ಕಡೆಗೂ ನಡುವೆ ಹೊರಗಿನ ತಗಡಲ್ಲಿ ಅಲೆ ಕಾಣುತ್ತೆ. ಒಂದು ಹೋಗಿಬರೋದು ಆದಮೇಲೆ ತೋಳಿನ ಸ್ಕ್ರೂವನ್ನ ಕಾಲು ಸುತ್ತು ಮಾತ್ರ ಉದ್ದ ಮಾಡಿ. ಮತ್ತೆ ಬಿಸಿ ಅಳೆಯಿರಿ, ಇಳಿದಿದ್ದರೆ ಮತ್ತೆ ಕಾಯಿಸಿ, ಮತ್ತೆ ಉರುಳಿಸಿ. ಮೊದಲ ಕೆಲವು ಸುತ್ತಲ್ಲಿ ಅಂಚು ಬಾಗಿದ್ದೇ ಗೊತ್ತಾಗಲ್ಲ. ಆಮೇಲೆ ಉರುಳೆಯ ಕೋನವನ್ನ ಸ್ವಲ್ಪ ಸ್ವಲ್ಪ ಒಳಕ್ಕೆ ತಿರುಗಿಸ್ತಾ ಹೋದರೆ ಅಂಚು ಅರ್ಧ ಏಳುತ್ತೆ. ಈ ಅರ್ಧದಲ್ಲೇ ಎಷ್ಟೋ ಗಾಡಿಯ ಕೆಲಸ ಮುಗಿದಿರುತ್ತೆ, ಅಲ್ಲೇ ನಿಲ್ಲಿಸಿ.

ನಾನು ಈ ಹೊತ್ತಲ್ಲಿ ಶೆಡ್ಡಿನ ರೇಡಿಯೋ ಆಫ್ ಮಾಡ್ತೀನಿ. ಪೇಂಟ್ ಒಡೆಯೋ ಮುಂಚೆ ಹೇಳಿಯೇ ಒಡೆಯುತ್ತೆ, ಕಿವಿ ಕೊಟ್ಟಿರಬೇಕು. ಕಣ್ಣಿಗೆ ಇನ್ನೊಂದು ಕೆಲಸ: ಮೇಲಿನ ಟ್ಯೂಬ್‌ಲೈಟಿನ ಗೆರೆ ಫೆಂಡರ್ ಮೇಲೆ ಬಿದ್ದಿರುತ್ತಲ್ಲ, ಅದು ನೇರ ಇರೋವರೆಗೂ ತಗಡು ಜಾಗ ಬಿಟ್ಟು ಅಲ್ಲಾಡಿಲ್ಲ. ಗೆರೆ ಹೊಟ್ಟೆ ಬಿಟ್ಟಿತು ಅಂದರೆ ಅಂಚು ಮಡಚಿಕೊಳ್ಳೋ ಬದಲು ಇಡೀ ಕಮಾನು ಹೊರಕ್ಕೆ ಬರ್ತಿದೆ. ತೋಳು ಸಡಿಲ ಮಾಡಿ, ಉರುಳೆಯ ಕೋನ ಬದಲಾಯಿಸಿ. ಕರೆಂಟು ಹೋದರೆ ತಗಡು ಬಿಸಿ ಇದೆಯಲ್ಲ ಅಂತ ಮುಂದುವರಿಸಬೇಡಿ, ತೆಳು ತಗಡು, ಒಂದು ಲೋಟ ಕಾಫಿ ಕುಡಿಯೋದರೊಳಗೆ ತಣ್ಣಗಾಗುತ್ತೆ. ನಮಗೆ ಎಡಗಡೆ ಅರ್ಧ ಆದಾಗ ಹೋಯ್ತು. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದು ಮತ್ತೆ ಮೊದಲಿಂದ ಕಾಯಿಸಿದೆವು. ಒಂದೊಂದು ಬದಿಗೆ ಗಂಟೆ ಮೇಲೆ ಹಿಡಿಯಿತು. ಅರ್ಧ ಗಂಟೆಗೆ ಮಾಡಿಕೊಡ್ತೀನಿ ಅನ್ನೋರ ಹತ್ತಿರ ನನ್ನ ಗಾಡಿ ನಾನು ಬಿಡಲ್ಲ.

ಪೂರ್ತಿ ಮಡಿಸಬೇಕಾಗಿ ಬಂದರೂ ಒಳಮೈಗೆ ಚಪ್ಪಟೆಯಾಗಿ ಅಮುಕಬೇಡಿ. ಎರಡು ಮೂರು ಮಿಲಿಮೀಟರ್ ಸಂದಿ ಉಳಿಯಲಿ. ಚೂಪಾಗಿ ಮಡಚಿದಷ್ಟೂ ಮೂಲೆಯ ಪೇಂಟಿಗೆ ಎಳೆತ ಜಾಸ್ತಿ. ಸಂದಿ ಪೂರ್ತಿ ಮುಚ್ಚಿದರೆ ಒಳಗೆ ಸೇರಿದ ನೀರಿಗೆ ಹೊರಗೆ ಬರೋಕೆ ದಾರಿಯೂ ಇರಲ್ಲ.

ಹಿಂದಿನ ಫೆಂಡರ್ ಮಡಿಸಿದಾಗ ಹೊರಗೆ ಪೇಂಟ್ ಎಷ್ಟೇ ಚೆನ್ನಾಗಿ ಉಳಿದಿರಲಿ, ಒಳಗಿನ ಸೀಲರ್ ಬಿರುಕು ಬಿಟ್ಟೇ ಇರುತ್ತೆ. ಇದನ್ನ ಬಿಡೋರೇ ಜಾಸ್ತಿ. ಅಂಚಿನ ಹಿಂದೆ ಟಾರ್ಚ್ ಹಾಕಿ ನೋಡಿ, ಒಡೆದ ಸೀಲರನ್ನ ಕೆರೆದು ತೆಗೆದು, ತಗಡು ಕಾಣೋ ಕಡೆಗೆಲ್ಲ ತುಕ್ಕು ಹಿಡಿಯದ ಪ್ರೈಮರ್ ಕೊಡಿ. ಒಣಗಿದ ಮೇಲೆ ಪಾಲಿಯುರೆಥೇನ್ ಸೀಲರನ್ನ ಸಂದಿಗೆ ತುಂಬಿ ಬೆರಳಲ್ಲಿ ಸವರಿ, ಅದರ ಮೇಲೆ ಗಾಡಿಯ ತಳಭಾಗಕ್ಕೆ ಹೊಡೆಯೋ ಕಪ್ಪು ಕೋಟಿಂಗ್. ನೀರು ಹೊರಬರೋ ತೂತುಗಳನ್ನ ಮಾತ್ರ ಮುಚ್ಚಬೇಡಿ. ಟೈರು ಉಜ್ಜಿ ಪೇಂಟ್ ಹೋಗಿದ್ದ ತುದಿಗೂ ಪ್ರೈಮರ್, ಬಣ್ಣ ಹಚ್ಚಿ, ಅದು ಈಗ ಒಳಗೆ ತಿರುಗಿದೆ, ಬ್ರಷ್ಷಿನ ಗುರುತು ಯಾರಿಗೂ ಕಾಣಲ್ಲ. ಒಂದು ರಾತ್ರಿ ಗಾಡಿ ಅಲ್ಲೇ ಇರಲಿ.

ಲೈನರ್ ವಾಪಸ್ ಹಾಕುವಾಗ ಹಳೇ ಸ್ಕ್ರೂ ಕೂರಲ್ಲ, ಅಂಚೇ ಮಡಚಿಕೊಂಡಿದೆಯಲ್ಲ. ಲೈನರಿನ ಅಂಚನ್ನ ಕತ್ತರಿಸಿ, ಮಡಿಕೆಯ ಒಳಗೆ ಸೇರಿಸಿ, ಟೈರು ತಾಗದ ಕಡೆ ಕ್ಲಿಪ್ಪು ಕೊಟ್ಟೆ. ವೀಲ್ ನಟ್ಟು ಎದುರುಬದುರು ಬಿಗಿದು, ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದು ಸಲ ಪಾನ ಹಾಕಿ ನೋಡು ಅಂತ ಹೇಳಿದೆ. ಹೊಸ ಅಲಾಯ್ ಹಾಕಿದವರೆಲ್ಲ ಹೇಗೂ ಮಾಡಬೇಕಾದ್ದು ಅದು.

ಮಾರನೇ ದಿನ ಮತ್ತೆ ಸುಣ್ಣ ಬಳಿದು, ಹಿಂದಿನ ಸೀಟಿಗೆ ಅವನ ಮೂವರು ಗೆಳೆಯರನ್ನ ತುಂಬಿಕೊಂಡು ದುರ್ಗ ಹತ್ತಿದೆವು. ಒಬ್ಬ ಇದ್ದ, ತೂಕದ ಲೆಕ್ಕಕ್ಕೆ ಇಬ್ಬರು. ನಾಮದ ಚಿಲುಮೆ ಹತ್ತಿರ ಇಳಿದು ನೋಡಿದೆ, ಬೆಟ್ಟದ ಮೇಲೆ ಇನ್ನೊಂದು ಸಲ ಇಳಿದು ನೋಡಿದೆ. ಅಂಚಿನ ಸುಣ್ಣ ಬಳಿದ ಹಾಗೇ ಇತ್ತು. ಹೊರಗಿನ ಪೇಂಟನ್ನ ಬಿಸಿಲಿಗೆ ಓರೆಯಾಗಿ ನೋಡಿದೆ, ಒಂದು ಗೆರೆ ಇರಲಿಲ್ಲ.

ಆದರೂ ಕೆಲಸ ಮುಗೀತು ಅಂತ ನಾನು ಅವತ್ತು ಅನ್ನಲಿಲ್ಲ. ಮುಂಗಾರು ಶುರುವಾಗಿ ನಾಲ್ಕು ಮಳೆ ಬಿದ್ದಮೇಲೆ ಮಡಿಕೆಯ ಒಳಗೆ ಬೆರಳು ಆಡಿಸಿ ನೋಡಬೇಕು. ಬೆರಳಿಗೆ ಕೆಂಪು ಪುಡಿ ಹತ್ತಿದರೆ ಸೀಲರ್ ಎಲ್ಲೋ ಬಿಟ್ಟಿದೆ, ಆಗಲೇ ಕೆರೆದು ಮತ್ತೆ ತುಂಬಬೇಕು. ಜೂನ್ ಕೊನೆಗೆ ಬಾ ಅಂದಿದ್ದೆ, ಚೇಳೂರು ಸಂತೆಯಿಂದ ಎರಡು ಹಲಸಿನ ಹಣ್ಣು ಡಿಕ್ಕಿಯಲ್ಲಿ ಹಾಕಿಕೊಂಡು ಬಂದ. ಬೆರಳು ಹಾಕಿದೆ, ಬರೀ ಕೆಸರು. ಡಿಕ್ಕಿಯಲ್ಲಿ ಹಣ್ಣಿನ ಪಕ್ಕ ಒಂದು ರಟ್ಟಿನ ಡಬ್ಬಿಯೂ ಇತ್ತು. ಗಾಡಿಯನ್ನ ಎರಡು ಇಂಚು ಇಳಿಸೋ ಸ್ಪ್ರಿಂಗು. ಹಣ್ಣು ಇಳಿಸಿಕೊಂಡೆ, ಡಬ್ಬಿ ಹಾಗೇ ವಾಪಸ್ ಕಳಿಸಿದೆ.